ಬಾವಿ ಕಲ್ಲಿಗೆ ಹಚ್ಚಿದ ಎಣ್ಣೆ

ಆ ಬಸ್ಸಿಗೆ ನಾನು ಮೊದಲ ಸಲ ಹತ್ತಿದ್ದು ಕಲ್ಲು ನೋಡುವುದಕ್ಕಲ್ಲ, ರೊಟ್ಟಿ ಹಂಚುವುದಕ್ಕೆ. ಪ್ರತಿ ಚಳಿಗಾಲ ಬೆಂಗಳೂರು, ಮೈಸೂರು, ಧಾರವಾಡದ ಕಡೆಯಿಂದ ಮೂವತ್ತು ನಲವತ್ತು ಜನ ನಮ್ಮ ಕಡೆ ಬರುತ್ತಾರೆ. ನಿವೃತ್ತರಾದ ಬ್ಯಾಂಕ್ ಮ್ಯಾನೇಜರುಗಳು, ಡಾಕ್ಟರುಗಳು, ಮಕ್ಕಳ ಮದುವೆ ಮುಗಿಸಿ ಈಗಷ್ಟೇ ಪುರುಸೊತ್ತು ಕಂಡ ಹೆಂಗಸರು. ಜೊತೆಗೆ ಶಾಸನ ಓದುವ ಒಬ್ಬ ಹಿರಿಯ ಪ್ರಾಧ್ಯಾಪಕರು. ಮೂರು ದಿನ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ಸುತ್ತಿ ಹಳೆಯ ಗುಡಿ, ವೀರಗಲ್ಲು, ಶಾಸನ ನೋಡಿ ಹೋಗುತ್ತಾರೆ. ನಾನು ಆಳಂದದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಊಟದ ಏರ್ಪಾಡು, ಹೆಣ್ಣುಮಕ್ಕಳಿಗೆ ಬಚ್ಚಲು, ಹಳ್ಳಿಯವರ ಜೊತೆ ಮಾತುಕತೆ, ಇದಕ್ಕೆಲ್ಲ ಈ ಕಡೆಯ ಒಬ್ಬ ಹೆಂಗಸು ಬೇಕೆಂದಾಗ ಯಾರೋ ನನ್ನನ್ನು ತೋರಿಸಿದ್ದರು. ಪಾಠ ಹೇಳುವವಳಿಗೆ ರೊಟ್ಟಿ ಬುಟ್ಟಿ ಕೊಟ್ಟರಲ್ಲ ಎಂದು ಸಿಟ್ಟು ಬಂದಿತ್ತು. ಆದರೂ ಹೋದೆ. ಒಂದು ಸಲ ಹೋದಮೇಲೆ ಬಿಡಲಿಕ್ಕೆ ಆಗಲಿಲ್ಲ.

ನಮ್ಮ ಕಡೆ ಹಾಳುಗುಡಿಯ ಮುಂದೆ ನಾಲ್ಕು ಜನ ನಿಂತರೆ ಸಾಕು, ನಿಧಿ ತೆಗೆಯಲು ಬಂದವರೆಂದೇ ತೀರ್ಮಾನ. ಕಿಣ್ಣಿ ಸುಲ್ತಾನದ ಹತ್ತಿರ ಒಂದು ಹೊಲದಲ್ಲಿ ಒಬ್ಬ ಮುದುಕ ಕುಡಗೋಲು ಮಡಿಲಲ್ಲಿಟ್ಟುಕೊಂಡು, ನಾವು ಬಸ್ ಹತ್ತುವವರೆಗೂ ಬದುವಿನ ಮೇಲಿಂದ ಎದ್ದಿರಲಿಲ್ಲ. ಇವರು ಓದಲು ಬಂದವರು ಕಾಕಾ ಎಂದು ನಾನು ಹೇಳಿದೆ. ಓದಲು ಇಷ್ಟು ದೂರ ಯಾಕೆ ಬರಬೇಕು, ಅವರ ಊರಲ್ಲಿ ಪುಸ್ತಕ ಸಿಗುವುದಿಲ್ಲವೇನು ಎಂದು ಅವನು ಕೇಳಿದ. ಬಸ್ಸಿನಲ್ಲಿ ಇದನ್ನು ಹೇಳಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ಪ್ರಾಧ್ಯಾಪಕರು.

ಅವರನ್ನು ಎಲ್ಲರೂ ಸರ್ ಎನ್ನುತ್ತಿದ್ದೆವು. ಕಲಬುರಗಿಯವರೇ. ಎಪ್ಪತ್ತು ದಾಟಿದ ಸಣಕಲು ದೇಹ, ತಲೆಗೆ ಮಂಕಿ ಟೋಪಿ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಬಕೆಟು. ಬಕೆಟ್ಟಿನಲ್ಲಿ ತೆಂಗಿನ ನಾರಿನ ಬ್ರಷ್ಷು, ಮಸಿ, ಸುತ್ತಿಟ್ಟ ಕಾಗದ. ಶಾಸನದ ಮುಂದೆ ಕೂತರೆ ಅವರಿಗೆ ಹಸಿವೆ ನೀರಡಿಕೆ ಇಲ್ಲ. ಕಲ್ಲಿಗೆ ನೀರು ಚಿಮುಕಿಸುವರು, ಕಾಯುವರು. ನಾರಿನಿಂದ ಮೆಲ್ಲಗೆ ಒರೆಸುವರು, ಮತ್ತೆ ಕಾಯುವರು. ಡಾಕ್ಟರುಗಳು ಶೇಂಗಾ ಚಿಕ್ಕಿ ತಿಂದು ಮುಗಿಸಿ ಕೈ ಝಾಡಿಸಿಕೊಳ್ಳುವ ಹೊತ್ತಿಗೆ ಅವರು ಹಸಿ ಕಾಗದವನ್ನು ಕಲ್ಲಿಗೆ ಅಂಟಿಸಿ, ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಿದ್ದರು. ಕರಿ ಕಾಗದದ ಮೇಲೆ ಬಿಳಿ ಅಕ್ಷರಗಳು ಮೂಡುತ್ತಿದ್ದವು. ಕಲ್ಲು ತೊಳೆದರೆ ಅಕ್ಷರ ತಾವೇ ಮಾತಾಡುತ್ತವೆ ಎಂದು ಪ್ರತಿ ಸಲ ಹೇಳುವರು. ಆ ಮಾತು ನನಗೆ ಬಾಯಿಪಾಠವಾಗಿತ್ತು. ಅವರು ಎಷ್ಟು ಹೊತ್ತು ಕಾಯುತ್ತಾರೆ ಎನ್ನುವುದನ್ನು ಮಾತ್ರ ನಾನು ಕಲಿಯಲಿಲ್ಲ.

ನನ್ನ ತವರು ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿ, ಭೀಮಾ ಹೊಳೆಯಿಂದ ದೂರವಿಲ್ಲ. ಊರಿಗೂ ನಮ್ಮ ಕೇರಿಗೂ ನಡುವೆ ಒಂದು ಹಳೆಯ ಮೆಟ್ಟಿಲ ಬಾವಿ ಇದೆ. ಅದರ ಬಾಯಿಯ ಹತ್ತಿರ ಎದೆಮಟ್ಟದ ಒಂದು ಕಲ್ಲು. ಮೇಲೆ ಸೂರ್ಯ, ಚಂದ್ರ, ಕೆಳಗೆ ಬರಹ. ಬರಹ ಇದೆ ಎನ್ನುವುದೂ ನಂಬಿಕೆಯ ಮಾತೇ, ಯಾಕೆಂದರೆ ಕಲ್ಲಿಗೆ ಬೆರಳು ಗಾತ್ರದ ಎಣ್ಣೆಯ ಕರಿ ಕಟ್ಟಿತ್ತು. ಈ ಬಾವಿ ತೋಡಿಸಿದವಳು ನಮ್ಮವಳು, ನಮ್ಮ ಕೇರಿಯ ಹೆಣ್ಣುಮಗಳು, ಅವಳ ಹೆಸರು ಕಲ್ಲಿನಲ್ಲಿದೆ ಎಂದು ಅಜ್ಜಿ ನಮ್ಮ ಅವ್ವನಿಗೆ ಹೇಳಿದ್ದಳು. ಅಜ್ಜಿಗೆ ಅವಳ ಅತ್ತೆ ಹೇಳಿದ್ದಳು.

ಅವ್ವ ಸೊಸೆಯಾಗಿ ಬಂದಾಗ ನಮ್ಮವರು ಆ ಬಾವಿಯ ಮೆಟ್ಟಿಲು ಇಳಿಯುವಂತಿರಲಿಲ್ಲ. ಕೊಡ ಇಟ್ಟುಕೊಂಡು ದೂರ ನಿಲ್ಲಬೇಕು. ಊರೊಳಗಿನ ಯಾರಾದರೂ ಬಂದು, ಅವರ ಕೊಡ ತುಂಬಿದಮೇಲೆ ಮನಸ್ಸಾದರೆ ಇವರ ಕೊಡಕ್ಕೆ ಎತ್ತಿ ಹೊಯ್ಯಬೇಕು. ಬೇಸಿಗೆಯಲ್ಲಿ ನೆತ್ತಿಗೆ ಬಿಸಿಲು ಬರುವತನಕ ನಿಂತದ್ದಿದೆ ಎನ್ನುತ್ತಿದ್ದಳು. ಒಂದು ಸಲ ಬಸುರಿಯಿದ್ದಾಗ ನಿಂತಲ್ಲೇ ಕುಸಿದಿದ್ದಳಂತೆ. ಹೊಟ್ಟೆಯಲ್ಲಿದ್ದವಳು ನಾನು. ನಿಂತಾಗ ನೋಡಲು ಆ ಕಲ್ಲೊಂದೇ ಇರುತ್ತಿತ್ತು. ಅದನ್ನೇ ನೋಡಿಕೊಂಡು ನಿಲ್ಲುತ್ತಿದ್ದಳಂತೆ, ತೋಡಿಸಿದಾಕೆ ಅಲ್ಲಿದ್ದಾಳೆ, ಅವಳ ಮನೆಯ ನೀರಿಗೆ ನಾನು ಬಂದಿದ್ದೇನೆ ಅಂದುಕೊಳ್ಳುತ್ತಿದ್ದೆ ಎನ್ನುತ್ತಿದ್ದಳು. ಈಗ ಮನೆಮನೆಗೆ ನಳ ಬಂದಿದೆ, ಬಾವಿ ತುಂಬ ಪ್ಲಾಸ್ಟಿಕ್ಕು ಮತ್ತು ಜಾಲಿ. ಆ ನೀರು ಯಾರಿಗೂ ಬೇಡ. ಅವ್ವನಿಗೆ ಬೇಕಾಗಿದ್ದದ್ದು ಆ ಹೆಸರು. ಸಾಯುವುದರೊಳಗೆ ಯಾರಾದರೂ ಬಲ್ಲವರು ಊರ ಮಂದಿಯ ಎದುರು ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಅವಳ ಆಸೆ ಅಷ್ಟೇ ಇತ್ತು.

ನಾನು ಸಣ್ಣವಳಿದ್ದಾಗ ಅಪ್ಪ ಬುದ್ಧನ ದಾರಿ ಹಿಡಿದ. ಜಗಲಿಯ ದೇವರುಗಳೆಲ್ಲ ಹೊರಗೆ ಹೋದವು. ಕುಂಕುಮ ಇಲ್ಲ, ಕಾಯಿ ಒಡೆಯುವುದಿಲ್ಲ, ಎಣ್ಣೆ ಬತ್ತಿ ಇಲ್ಲ. ಅವ್ವ ಎಲ್ಲವನ್ನೂ ಒಪ್ಪಿದಳು, ಕಲ್ಲೊಂದನ್ನು ಬಿಟ್ಟು. ಅಮಾವಾಸ್ಯೆ ಬಂತೆಂದರೆ ಬಟ್ಟಲಲ್ಲಿ ಕುಸುಬಿ ಎಣ್ಣೆ ಹಿಡಿದು ಬಾವಿಗೆ ಹೊರಡುವಳು. ಅಪ್ಪ ಒಮ್ಮೆ ಅಡ್ಡ ನಿಂತ. ಅವ್ವ ಅಂದದ್ದು ಇನ್ನೂ ನನ್ನ ಕಿವಿಯಲ್ಲಿದೆ.

"ಅದು ದೇವ್ರಲ್ಲ, ನಮ್ಮ ಹಿರ್ಯಾಕಿ. ಹಿರ್ಯಾರ ತಲಿಗಿ ಎಣ್ಣಿ ಹಚ್ಚಿದ್ರ ನಿಮ್ಮ ಧಮ್ಮಕ್ಕ ಏನ್ ಆಗ್ತದ ಹೇಳ್ರಿ?"

ಸಭೆಗಳಲ್ಲಿ ಎಂಥೆಂಥವರ ಬಾಯಿ ಮುಚ್ಚಿಸುತ್ತಿದ್ದ ಅಪ್ಪ ಅವತ್ತು ಸುಮ್ಮನೆ ಪಕ್ಕಕ್ಕೆ ಸರಿದ. ಅಪ್ಪ ತೀರಿಕೊಂಡ ಮೇಲೂ ಅವ್ವ ಒಂದು ಅಮಾವಾಸ್ಯೆ ತಪ್ಪಿಸಲಿಲ್ಲ. ತಪ್ಪಿಸಬೇಕಿತ್ತು ಎಂದು ಅಂದುಕೊಳ್ಳುತ್ತಿದ್ದವಳು ನಾನು. ಟೀಚರು, ಬೌದ್ಧರ ಮನೆಯ ಮಗಳು, ಅವಳ ತಾಯಿ ಕಲ್ಲಿಗೆ ಎಣ್ಣೆ ಹಚ್ಚುತ್ತಾಳೆ ಎಂದರೆ ನನಗೆ ನಾಚಿಕೆಯಾಗುತ್ತಿತ್ತು. ಮುಚ್ಚುಮರೆ ಯಾಕೆ, ಆಗುತ್ತಿತ್ತು.

ನಿನ್ನ ಸಾಹೇಬರನ್ನು ಕರಕೊಂಡು ಬಾ ಎಂದು ಅವಳು ಎರಡು ವರ್ಷ ಬೆನ್ನು ಹತ್ತಿದಳು. ಕೊನೆಗೆ ಫೋನಿನಲ್ಲಿ ಕಲ್ಲಿನ ಫೋಟೊ ತೆಗೆದು ಸರ್‌ಗೆ ಕಳಿಸಿದೆ. ಎಣ್ಣೆ ತಲುಪದ ಮೇಲಿನ ಮೂಲೆಯನ್ನು ಹಿಗ್ಗಿಸಿ ನೋಡಿ ಅವರೇ ಫೋನು ಮಾಡಿದರು. ಒಂದು ಸಾಲಿನಲ್ಲಿ ಬಾವಿಯಂ ಎಂದು ಕಾಣುತ್ತದೆ, ಸಾಲಿನ ಕೊನೆಗೆ ಮಗಳ್ ಎಂದಿದೆ, ಹಾಗಾದರೆ ಅವಳ ಹೆಸರು ಮುಂದಿನ ಸಾಲಿನಲ್ಲಿ ಎಣ್ಣೆಯ ಕೆಳಗೆ ಇರಬೇಕು ಎಂದರು. ಯಾರ ಕೇರಿಯವಳು ಎಂದು ಕಲ್ಲು ಹೇಳುತ್ತದೋ ಇಲ್ಲವೋ, ತೋಡಿಸಿದ್ದು ಹೆಣ್ಣುಮಗಳೇ ಎನ್ನುವುದು ಗಟ್ಟಿ ಎಂದರು. ಈ ಸಲ ಮೂರನೇ ದಿನದ ಹಾದಿಯಲ್ಲಿ ನಮ್ಮೂರು ಸೇರಿಸೋಣ ಎಂದೂ ಹೇಳಿದರು. ಅವ್ವನಿಗೆ ಹೇಳಿದೆ. ಅವಳು ಹೆಸರು ಐತಂತಾ ಎಂದು ಒಮ್ಮೆ ಕೇಳಿ, ಸಂಜೆಯೊಳಗೆ ಕೇರಿಗೆಲ್ಲ ಸುದ್ದಿ ಮುಟ್ಟಿಸಿದ್ದಳು.

ಆ ವರ್ಷದ ಪ್ರವಾಸದ ಎರಡನೇ ದಿನ ಅಫಜಲಪುರದ ಕಡೆ ಮುಗಿಸಿ ಚೌಡಾಪುರದಲ್ಲಿ ಊಟಕ್ಕೆ ನಿಂತಿದ್ದೆವು. ರಸ್ತೆ ಬದಿಗೆ ಒಂದು ಒಡೆದ ಕಲ್ಲು, ಮೈತುಂಬ ಎಣ್ಣೆ, ಸಿಂಧೂರ. ಸರ್ ಕೈ ತೊಳೆಯಲು ಆ ಕಡೆ ಹೋಗಿದ್ದರು. ಬೆಂಗಳೂರಿನ ಒಬ್ಬ ಹೆಂಗಸು, ಒಳ್ಳೆಯ ಹೆಂಗಸೇ, ಮೊದಲ ದಿನದಿಂದ ರೊಟ್ಟಿ ಹಂಚಲು ನನ್ನ ಜೊತೆ ಕೈಜೋಡಿಸಿದವಳು, ಆ ಕಲ್ಲು ನೋಡಿ ಮರುಗಿದಳು. ಎಣ್ಣೆ ಸುರಿದು ಸುರಿದು ಎಷ್ಟು ಶಾಸನ ಹಾಳು ಮಾಡಿದ್ದಾರೋ ಈ ಜನ, ಓದು ಬರಹ ಇಲ್ಲದಿದ್ದರೆ ಹೀಗೇ ಎಂದಳು. ಸುತ್ತ ನಿಂತವರು ಹೌದು ಎಂದು ತಲೆಯಾಡಿಸಿದರು. ನಾನೂ ಆಡಿಸಿದೆ. ಆಡಿಸುತ್ತಲೇ ನೆನಪಾಯಿತು. ನಾಳೆ ಇವರೆಲ್ಲ ನಿಲ್ಲುವುದು ನನ್ನ ಅವ್ವನ ಕಲ್ಲಿನ ಮುಂದೆ. ಊಟದ ಜವಾಬ್ದಾರಿ ಬೇರೆಯವರಿಗೆ ವಹಿಸಿ, ಎರಡು ಬಸ್ ಬದಲಿಸಿ, ದೀಪ ಹಚ್ಚುವ ಹೊತ್ತಿಗೆ ತವರಿಗೆ ಬಂದೆ.

ಅವ್ವ ಜಾಲಿ ಕಡಿಸಿ ಬಾವಿಗೆ ಹಾದಿ ಮಾಡಿಸಿದ್ದಳು. ಕಸ ಹೊಡೆದು ನೀರು ಚಿಮುಕಿಸಿದ್ದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಮಂದಿ ಬರುತ್ತಾರೆ, ಹಿರ್ಯಾಕಿಯ ಮುಖ ಹೊಳೆಯಲಿ ಎಂದು ಅಮಾವಾಸ್ಯೆ ಅಲ್ಲದಿದ್ದರೂ ಒಂದು ಬಟ್ಟಲು ಎಣ್ಣೆ ಸುರಿದಿದ್ದಳು. ನಾನು ಕೂಗಾಡಿದೆ. ನಿನಗೆ ಯಾರು ಹೇಳಿದರು, ನನ್ನ ಮಾನ ಕಳೆಯಬೇಕೆಂದೇ ನಿಂತಿದ್ದೀಯಾ ಎಂದೆ. ಅವಳು ಬಟ್ಟಲು ಹಿಡಿದುಕೊಂಡೇ ನಿಂತಿದ್ದಳು. ತಮ್ಮನ ಮಕ್ಕಳು ನೋಡುತ್ತಿದ್ದರು. ಅವಳು ಒಳಗೆ ಹೋಗಿ ನನಗೆ ಚಹಾ ಇಟ್ಟಳು.

ನನ್ನ ತಮ್ಮ ಗೌಂಡಿ, ಹೊಸ ಮನೆಗಳ ನೆಲಕ್ಕೆ ಫರಸಿ ಕಲ್ಲು ಹಾಸುತ್ತಾನೆ. ನಮ್ಮ ಸೀಮೆಯ ನೆಲದೊಳಗೆಲ್ಲ ಆ ಸುಣ್ಣದ ಕಲ್ಲೇ, ಬಾವಿಯ ಕಲ್ಲೂ ಅದೇ ಜಾತಿಯದು. ಫರಸಿ ಕೂಡಿಸಿದಮೇಲೆ ಸಿಮೆಂಟಿನ ಕಲೆ ಹೋಗಲೆಂದು ಆ್ಯಸಿಡ್ ಹಾಕಿ ತಂತಿ ಬ್ರಷ್ಷಿನಿಂದ ತಿಕ್ಕುತ್ತಾರೆ. ತಿಕ್ಕಿದಮೇಲೆ ಕಲ್ಲು ಹೊಸದಾಗಿ ಕಾಣುತ್ತದೆ. ನಮ್ಮ ಮನೆಯ ನೆಲವನ್ನೇ ಅವನು ಹಾಗೆ ತೊಳೆದದ್ದು ನಾನು ಕಂಡಿದ್ದೆ. ನಮ್ಮ ಮನೆಯಲ್ಲಿ ಕಲ್ಲು ಸ್ವಚ್ಛ ಮಾಡುವುದೆಂದರೆ ಅದೇ. ಬೆಳಿಗ್ಗೆ ಅವನು ಜೇವರ್ಗಿಗೆ ಕೆಲಸಕ್ಕೆ ಹೋಗಿಬಿಟ್ಟಿದ್ದ. ಇದ್ದಿದ್ದರೆ ಏನನ್ನುತ್ತಿದ್ದನೋ. ಹಿತ್ತಲಲ್ಲಿದ್ದ ಅವನ ಸಾಮಾನಿನಿಂದ ಬಾಟಲಿ, ಬ್ರಷ್ಷು ಎತ್ತಿಕೊಂಡು ಬಾವಿಗೆ ನಡೆದೆ. ಸೀಗೆಪುಡಿಯಿಂದ ಒಂದು ಪದರ ತೆಗೆದು, ತಗಡಿನಿಂದ ಕೆರೆದು, ಆಮೇಲೆ ಆ್ಯಸಿಡ್ ಸುರಿದೆ.

ಬುಸ್ ಎಂದು ನೊರೆ ಬಂತು. ಕೊಳೆ ಬಿಡುತ್ತಿದೆ ಎಂದುಕೊಂಡೆ. ಕೊಳೆಗೆ ನೊರೆ ಬರುವುದಿಲ್ಲ, ನೊರೆಯಾಗುತ್ತಿರುವುದು ಕಲ್ಲೇ ಎಂದು ನನಗೆ ಹೊಳೆಯಲಿಲ್ಲ. ಕರಿ ಹಕ್ಕಳೆ ಹಕ್ಕಳೆಯಾಗಿ ಎದ್ದು ಬಂತು, ಒಳಗೆ ಬೆಳ್ಳಗಿನ ಕಲ್ಲು. ಆ ಬಿಳುಪು ನೋಡಿ ನನಗೆ ಎಷ್ಟು ಖುಷಿಯಾಯಿತೆಂದರೆ ಉಳಿದ ಅರ್ಧ ಬಾಟಲಿಯನ್ನೂ ಸುರಿದು ತಿಕ್ಕಿದೆ. ಬೆರಳು ಉರಿಯುತ್ತಿದ್ದವು. ನೀರು ಹಾಕಿ ನೋಡಿದೆ, ಅಕ್ಷರ ಕಾಣಲಿಲ್ಲ. ಒಣಗಿದಮೇಲೆ ಕಾಣುತ್ತವೆ ಎಂದು ನನಗೆ ನಾನೇ ಹೇಳಿಕೊಂಡೆ. ಬಾಟಲಿ, ಬ್ರಷ್ಷು ಎರಡನ್ನೂ ಬಾವಿಯ ಕಟ್ಟೆಯ ಹಿಂದೆ ಒಗೆದು ಸ್ನಾನಕ್ಕೆ ಓಡಿದೆ.

ಹನ್ನೊಂದಕ್ಕೆ ಬಸ್ ಬಂತು. ಇಡೀ ಕೇರಿ ಸೇರಿತ್ತು, ಊರೊಳಗಿನವರೂ ಹತ್ತಿಪ್ಪತ್ತು ಜನ ಬಂದಿದ್ದರು. ಅವ್ವ ಇಳಕಲ್ ಸೀರೆ ಉಟ್ಟು ಎಲ್ಲರಿಗಿಂತ ಮುಂದೆ, ಕಲ್ಲಿಗೆ ಒಂದು ಮಾರು ದೂರ ನಿಂತಿದ್ದಳು. ಸರ್ ಬಕೆಟು ಹಿಡಿದು ನಗುತ್ತ ಬಂದವರು ಕಲ್ಲು ನೋಡಿದ ಕೂಡಲೇ ಬಕೆಟು ಕೆಳಗಿಟ್ಟರು. ಮೊಣಕಾಲೂರಿ ಬೆರಳಾಡಿಸಿದರು. ನೀರು ಹಾಕಿದರು. ಯಾರದೋ ಕೈಚೀಲದಿಂದ ಕನ್ನಡಿ ಈಸಿಕೊಂಡು ಬಿಸಿಲನ್ನು ಅಡ್ಡಡ್ಡ ಹಾಯಿಸಿ ನೋಡಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಬೆರಳಾಡಿಸಿದರು. ಸೂರ್ಯ ಚಂದ್ರರೂ ಸವೆದು ಎರಡು ತಗ್ಗುಗಳಾಗಿದ್ದವು. ಆಮೇಲೆ ಅವರು ನೋಡಿದ್ದು ಕಲ್ಲನ್ನಲ್ಲ, ನನ್ನ ಕೆಂಪಾದ ಬೆರಳುಗಳನ್ನು.

"ಆ್ಯಸಿಡ್ ಹಾಕೀರೇನ್ರಿ?" ನನಗಷ್ಟೇ ಕೇಳುವಂತೆ ಕೇಳಿದರು. ನಾನು ತಲೆಯಾಡಿಸಿದೆ.

"ಎಣ್ಣಿ ಇದ್ದಿದ್ರ ನಾಕ್ ದಿನ ಕೂತು ತೆಗೀತಿದ್ನಿ. ಇಷ್ಟು ವರ್ಷ ಮಳಿ ಬಿಸಲಿಗಿ ಆ ಎಣ್ಣಿನೇ ಕಾದಿತ್ತು."

ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ಅಷ್ಟರಲ್ಲಿ ಅವ್ವ ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು.

"ಸಾಹೇಬ್ರ, ಹೆಸರು ಏನಂತ್ರಿ?"

ನಾನು ಸರ್ ಮುಖ ನೋಡಿದೆ. ಏನಾದರೂ ಹೇಳಿ, ಯಾವುದಾದರೂ ಒಂದು ಹೆಸರು ಹೇಳಿಬಿಡಿ ಎಂದು ಕಣ್ಣಲ್ಲೇ ಬೇಡಿಕೊಂಡೆ. ಯಾರಿಗೆ ಗೊತ್ತಾಗುತ್ತಿತ್ತು? ಆದರೆ ಐವತ್ತು ವರ್ಷ ಇದ್ದದ್ದನ್ನಷ್ಟೇ ಓದಿದ ಮನುಷ್ಯ ಅವರು. ಎದ್ದು ನಿಂತು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಓದಲು ಬರುವುದಿಲ್ಲವ್ವಾ, ಅಕ್ಷರ ಉಳಿದಿಲ್ಲ ಎಂದರು. ಹಿಂದಿನಿಂದ ಆ ಬೆಂಗಳೂರಿನ ಹೆಂಗಸು, ಬಸ್ಸಿನಲ್ಲಿ ನೀವು ತೋರಿಸಿದ ಫೋಟೊದಲ್ಲಿ ಕಾಣುತ್ತಿತ್ತಲ್ಲ ಸರ್, ಹೇಗೆ ಹೋಯಿತು ಎಂದಳು. ಸರ್ ನನ್ನ ಕಡೆ ನೋಡಲಿಲ್ಲ. ನಾನು ಬಾಯಿ ತೆರೆಯಬೇಕಾದ ಹೊತ್ತು ಅದು. ತೆರೆದದ್ದು ಅವ್ವ.

"ನಂದೇ ತಪ್ಪರಿ. ನಾನೇ ಎಣ್ಣಿ ಹಚ್ಚಿ ಹಚ್ಚಿ ಅಳಿಸೀನಿ. ಓದು ಬರದಾಕಿ, ತಿಳೀಲಿಲ್ಲ."

ಆ ಹೆಂಗಸು ಬಂದು ಅವ್ವನ ಕೈ ಹಿಡಿದು, ಇರಲಿ ಬಿಡಿ ಅಮ್ಮಾ, ನಿಮಗೆ ಗೊತ್ತಿರಲಿಲ್ಲ ಎಂದು ಸಮಾಧಾನ ಹೇಳಿದಳು. ಇಬ್ಬರೋ ಮೂವರೋ ಪುಸ್ತಕದಲ್ಲಿ ಬರೆದುಕೊಂಡರು. ಊರೊಳಗಿನಿಂದ ಬಂದವರು ಒಬ್ಬೊಬ್ಬರಾಗಿ ಹೊರಟರು. ಅವರಲ್ಲೊಬ್ಬ ನಕ್ಕದ್ದೂ ನನಗೆ ಕೇಳಿಸಿತು. ಅವ್ವ ನೆಲ ನೋಡುತ್ತ ನಿಂತಿದ್ದಳು. ನಾನು ಹೇಳಬಹುದಿತ್ತು. ಒಂದೇ ಮಾತಿನ ಕೆಲಸ. ಹೇಳಲಿಲ್ಲ. ಬೇವಿನ ಮರದ ಕೆಳಗೆ ಹೋಗಿ ರೊಟ್ಟಿ ಹಂಚಿದೆ.

ಬಸ್ ಹೋದಮೇಲೆ ಸಂಜೆ ಅವ್ವ ನನ್ನ ಕೈ ಎಳೆದುಕೊಂಡು ಬೆರಳು ನೋಡಿದಳು. ರೊಟ್ಟಿ ಹಂಚು ಸುಟ್ಟಿತೇನು ಎಂದಳು. ಹೂಂ ಎಂದೆ. ಅದೇ ಬಟ್ಟಲಿನಲ್ಲಿ ಉಳಿದಿದ್ದ ಕುಸುಬಿ ಎಣ್ಣೆಯನ್ನು ಒಂದೊಂದೇ ಬೆರಳಿಗೆ ಹಚ್ಚಿದಳು. ನಂಬಿದಳು ಎಂದುಕೊಂಡು ನನಗೆ ಜೀವ ಬಂದಂತಾಯಿತು. ಎಂಥ ಹೇಡಿ ನಾನು!

ಆ ಅಮಾವಾಸ್ಯೆಗೆ ಅವಳು ಬಾವಿಗೆ ಹೋಗಲಿಲ್ಲ. ಮುಂದಿನದಕ್ಕೂ ಹೋಗಲಿಲ್ಲ. ಯಾಕೆಂದು ತಮ್ಮ ಕೇಳಿದರೆ ಮೊಣಕಾಲು ನೋವು ಎಂದಳಂತೆ. ಯುಗಾದಿಗೆ ಹೋದಾಗ ಹೇಳಿಬಿಡಬೇಕು ಎಂದುಕೊಂಡೆ, ಮನೆ ತುಂಬ ಜನ. ಬೇಸಿಗೆ ರಜೆಗೆ ಹೋದಾಗ ಎರಡು ದಿನ ಅವಳ ಪಕ್ಕದಲ್ಲೇ ಮಲಗಿದೆ. ಮಾತು ಬಾವಿಯ ಹತ್ತಿರ ಬಂದಾಗಲೆಲ್ಲ ಅವಳೇ ಬೇರೆ ಕಡೆ ತಿರುಗಿಸುತ್ತಿದ್ದಳು. ನೊಂದಿದ್ದಾಳೆ, ಕೆದಕಬಾರದು ಎಂದು ನಾನೂ ಸುಮ್ಮನಾದೆ. ಮಳೆ ಹಿಡಿಯುವ ಮೊದಲೇ ಒಂದು ಬೆಳಿಗ್ಗೆ, ಚಹಾ ಕುಡಿದು ಲೋಟ ಕೆಳಗಿಟ್ಟವಳು ಮತ್ತೆ ಏಳಲಿಲ್ಲ.

ಪಂಚಶೀಲ ಹೇಳಿ ಮಣ್ಣು ಮಾಡಿ ಬಂದ ಮೂರನೇ ದಿನ ನಾನೂ ತಮ್ಮನ ಹೆಂಡತಿಯೂ ಅವ್ವನ ಟ್ರಂಕು ತೆಗೆದೆವು. ಸೀರೆಗಳ ಕೆಳಗೆ ಹಳೆಯ ಕುಬಸದಲ್ಲಿ ಸುತ್ತಿದ ಒಂದು ಗಂಟು. ಬಿಚ್ಚಿದರೆ ಆ್ಯಸಿಡ್ಡಿನ ಖಾಲಿ ಬಾಟಲಿ, ತಂತಿ ಬ್ರಷ್ಷು. ತಮ್ಮನ ಹೆಂಡತಿ ಅಳುತ್ತ ಹೇಳಿದಳು. ಅವತ್ತು ನಾನು ಸ್ನಾನಕ್ಕೆ ಹೋದಾಗ ಅವ್ವ ಕಲ್ಲು ನೋಡಲು ಹೋಗಿದ್ದಳಂತೆ. ಸೆರಗಿನಲ್ಲಿ ಇವೆರಡನ್ನು ಮುಚ್ಚಿಕೊಂಡು ಬಂದಳಂತೆ. ಗಂಡನಿಗೂ ಹೇಳಬೇಡ ಎಂದು ಸೊಸೆಯಿಂದ ಆಣೆ ಹಾಕಿಸಿಕೊಂಡಳಂತೆ.

"ಆಕಿ ಟೀಚರ್ ಅದಾಳ, ಮಂದ್ಯಾಗ ಆಕಿ ಮಾರಿ ಕೆಳಗಾಗಬಾರ್ದು ಅಂದ್ರಕ್ಕಾ ಅತ್ತಿ. ಆದ್ರ ಅಕ್ಷರ ಹೋಗ್ಯಾವಂತ ಅವರಿಗಿ ಗೊತ್ತಿರಲಿಲ್ಲ. ಹೆಸರು ಹೇಳ್ತಾರಂತನೇ ಸೀರಿ ಉಟ್ಕೊಂಡ್ರು."

ಶಾಲೆಯಲ್ಲಿ ಪಾಠ ಮಾಡುವಾಗ ಶಾಸನ ಎನ್ನುವ ಪದ ಬಂದರೆ ಪುಟ ತಿರುವಿಬಿಡುತ್ತಿದ್ದೆ. ಓದು ಬರದವಳು ಒಂದು ಹೆಸರನ್ನು ತನಗೆ ಗೊತ್ತಿಲ್ಲದೆಯೇ ಕಾದಳು, ಓದಿದ ನಾನು ಒಂದು ಮುಂಜಾನೆಯಲ್ಲಿ ಅದನ್ನು ಅಳಿಸಿದೆ. ಅಳಿಸಿದ ತಪ್ಪನ್ನೂ ಅವಳ ತಲೆಯ ಮೇಲೇ ಹೊರಿಸಿ ಕಳಿಸಿದೆ.

ಈ ಚಳಿಗಾಲ ಸರ್ ಫೋನು ಮಾಡಿದರು. ನಿಮ್ಮೂರನ್ನು ಹಾದಿಯಿಂದ ಬಿಡೋಣವೇ ಎಂದು ಮೆಲ್ಲಗೆ ಕೇಳಿದರು. ಬಿಡಬೇಡಿ ಎಂದೆ. ಹಿಂದಿನ ದಿನವೇ ಹೋಗಿ ಅವ್ವನ ಬಟ್ಟಲಿನಲ್ಲಿ ಕುಸುಬಿ ಎಣ್ಣೆ ತುಂಬಿ ಕಲ್ಲಿಗೆ ಹಚ್ಚಿದೆ. ಆ್ಯಸಿಡ್ ತಿಂದ ಕಲ್ಲು, ಹಚ್ಚಿದಷ್ಟನ್ನೂ ಕುಡಿಯಿತು. ಮತ್ತೆ ಹಚ್ಚಿದೆ.

ಮರುದಿನ ಬಸ್ಸಿನಿಂದ ಇಳಿದ ಜನ ಕಲ್ಲಿನ ಸುತ್ತ ನಿಂತರು. ಎಲ್ಲ ಹೊಸ ಮುಖಗಳು. ಕೇರಿಯವರೂ ಬಂದಿದ್ದರು. ಊರೊಳಗಿನವರು ಬರುವುದಿಲ್ಲ ಎಂದುಕೊಂಡಿದ್ದೆ, ನಾನೇ ಬೆಳಿಗ್ಗೆ ಮನೆಮನೆಗೆ ಹೋಗಿ ಕರೆದಿದ್ದರಿಂದ ಕೆಲವರು ಬಂದರು. ಸರ್ ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟರು. ಇಲ್ಲಿ ಬಾವಿ ತೋಡಿಸಿದ ಒಬ್ಬ ಹೆಣ್ಣುಮಗಳ ಹೆಸರಿತ್ತು ಎಂದೆ. ನಮ್ಮ ಕೇರಿಯ ಹೆಂಗಸರು ಎಷ್ಟೋ ತಲೆಮಾರು ಅದನ್ನು ಎಣ್ಣೆಯಲ್ಲಿ ಕಾದಿದ್ದರು, ನನ್ನ ಅವ್ವ ಕೊನೆಯವಳು ಎಂದೆ. ಅಳಿಸಿದ್ದು ಅವಳಲ್ಲ, ನಾನು, ಆ್ಯಸಿಡ್ ಹಾಕಿ ತಿಕ್ಕಿ ಎಂದೆ. ಊರೊಳಗಿನವರಿಗೆ ಕೇಳುವಷ್ಟು ಜೋರಾಗಿ ಇನ್ನೊಮ್ಮೆ ಹೇಳಿದೆ. ತಮ್ಮನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಗುಂಪಿನಲ್ಲಿದ್ದ ಒಬ್ಬ ವಯಸ್ಸಾದ ಡಾಕ್ಟರು ಪುಸ್ತಕ ಮುಚ್ಚಿ, ಇದನ್ನು ನಿಮ್ಮ ತಾಯಿಗೆ ಹೇಳಿದಿರಾ ಎಂದು ಕೇಳಿದರು.

ಇಲ್ಲ ಎಂದೆ. ಬಿಸಿಲು ಏರಿತ್ತು. ಎಲ್ಲರೂ ಬೇವಿನ ಮರದ ಕೆಳಗೆ ನಡೆದರು, ನಾನು ರೊಟ್ಟಿ ಬುಟ್ಟಿ ತರಲು ಬಸ್ಸಿಗೆ ಹೋದೆ.